ಮತ್ತು ಇತರರು

ದಾವೆಯ ಕಾಗದದ ಮೇಲೆ ವರ್ನೀಟಾ ಗ್ರಿಗ್ಸ್ ಎಂಬ ಹೆಸರಿಲ್ಲ. ಅಲ್ಲಿ ಅಚ್ಚಾಗಿರುವುದು 'ಲೊರೇನ್ ಮೇಯೊ ಮತ್ತು ಇತರರು, ನಗರಾಡಳಿತದ ವಿರುದ್ಧ' ಎಂದು. ಸೇತುವೆಯ ಮೇಲೆ ಪೊಲೀಸರು ಎರಡೂ ತುದಿ ಮುಚ್ಚಿ ಹಿಡಿದದ್ದು ನೂರ ಅರವತ್ತಮೂರು ಜನರನ್ನು. ಅಷ್ಟೂ ಜನರ ಪರವಾಗಿ ಒಂದೇ ದಾವೆ. ಒಬ್ಬಳ ಹೆಸರು ಮುಂದೆ, ಉಳಿದವರೆಲ್ಲ ಹಿಂದೆ. 'ಇತರರು' ಎಂಬ ನಾಲ್ಕಕ್ಷರದೊಳಗೆ ನೂರ ಅರವತ್ತೆರಡು ಜನ ಒತ್ತಿಕೊಂಡು ಕೂತಿದ್ದರು. ಅವರಲ್ಲಿ ವರ್ನೀಟಾ ಒಬ್ಬಳು.

ಅದನ್ನು ಅವಳಿಂದ ಸಹಿಸಲಾಗುತ್ತಿರಲಿಲ್ಲ. ಪೊಲೀಸರ ಮೇಲೆ ಸಿಟ್ಟಿತ್ತು, ಇಲ್ಲವೆಂದಲ್ಲ. ಆದರೆ ಬೆಳಿಗ್ಗೆ ಎದ್ದು ಬಸ್ಸಿಗೆ ನಿಂತಾಗ ಅವಳ ಹೊಟ್ಟೆಯಲ್ಲಿ ಮೊದಲು ಉರಿಯುತ್ತಿದ್ದದ್ದು ಲೊರೇನ್ ಮೇಯೊ.

ಇಬ್ಬರದೂ ಒಂದೇ ಕಡೆ ಕೆಲಸ. ಊರಿನ ಐದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಒಂದೇ ಕಡೆ ಅನ್ನುವುದೂ ತಪ್ಪು. ಕಾರ್ಖಾನೆಯ ನಡುವೆ ಒಂದು ಗೋಡೆಯಿದೆ. ಗೋಡೆಯ ಈಚೆ ಕೊಳೆ ಕಡೆ, ಆಚೆ ಶುಭ್ರ ಕಡೆ. ಲಾರಿಗಳು ಮೂಟೆ ತಂದು ಸುರಿಯುವುದು ಈಚೆಗೆ. ಮೂಟೆ ಬಿಚ್ಚಿ, ಹಾಸಿಗೆ ಬಟ್ಟೆ ಬೇರೆ, ಶಸ್ತ್ರಚಿಕಿತ್ಸೆಯ ಬಟ್ಟೆ ಬೇರೆ, ಮಕ್ಕಳ ಬಟ್ಟೆ ಬೇರೆ ಮಾಡುವುದು ವರ್ನೀಟಾ ಮತ್ತು ಅವಳಂಥ ಹನ್ನೊಂದು ಹೆಂಗಸರ ಕೆಲಸ. ರಕ್ತ. ಕೀವು. ಹೇಲು. ಮಡಿಕೆಯೊಳಗೆ ಮರೆತ ಸೂಜಿ. ಒಮ್ಮೆ ಒಂದು ಕಾಲ್ಬೆರಳು. ಒಗೆಯುವ ಯಂತ್ರಗಳನ್ನು ಗೋಡೆಯಲ್ಲೇ ಕೂರಿಸಿದ್ದಾರೆ. ಒಂದೊಂದಕ್ಕೂ ಎರಡು ಬಾಗಿಲು. ಈಚೆಯಿಂದ ತುಂಬಿದರೆ ಆಚೆಯಿಂದ ತೆಗೆಯುತ್ತಾರೆ. ಬಟ್ಟೆ ಗೋಡೆ ದಾಟಬಹುದು. ಹೆಂಗಸರು ದಾಟುವಂತಿಲ್ಲ. ದಾಟಬೇಕೆಂದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಮೇಲ್ವಿಚಾರಕನ ಚೀಟಿ ತರಬೇಕು. ಊಟದ ಮೇಜೂ ಬೇರೆ. ಅದಕ್ಕೆ ನಿಯಮವೇನೂ ಇಲ್ಲ, ಆದರೆ ಕೊಳೆ ಕಡೆಯವಳು ತನ್ನ ಬುತ್ತಿ ಹಿಡಿದು ಹೋಗಿ ಕೂತರೆ ಶುಭ್ರ ಕಡೆಯವರಿಗೆ ಆಗಲೇ ಹೊಟ್ಟೆ ತುಂಬಿರುತ್ತದೆ.

ಗೋಡೆಯ ನಡುವೆ ಒಂದು ದಪ್ಪ ಗಾಜಿನ ಕಿಟಕಿ. ಯಾರಿಗೆ ಹೆಚ್ಚಿನ ಪಾಳಿ, ಯಾರನ್ನು ತೆಗೆಯುವುದು, ಯಾವ ಮೂಟೆಯಲ್ಲಿ ಯಾವ ರೋಗ ಎಂದೆಲ್ಲ ಮಾತಾಗುವುದು ಆಚೆ. ಆ ಮಾತು ಈಚೆ ಬರುತ್ತಿರಲಿಲ್ಲ. ಬಂದು ಹೇಳುವವರೂ ಇಲ್ಲ. ಯಂತ್ರದ ಗದ್ದಲದಲ್ಲಿ ಪಕ್ಕದವಳ ಕೂಗೂ ಕೇಳುವುದಿಲ್ಲ. ಹಾಗಾಗಿ ಕೊಳೆ ಕಡೆಯ ಹೆಂಗಸರು ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ವರ್ನೀಟಾಳಿಗೆ ಇಪ್ಪತ್ತೆರಡು ವರ್ಷದ ಅಭ್ಯಾಸ. ಎಡಗಿವಿ ಯಂತ್ರದ ಪಾಲಾಗಿತ್ತು, ಕಣ್ಣೇ ಕಿವಿಯಾಗಿತ್ತು. ಆಚೆಯವರಿಗೆ ಈಚೆಯವರ ತುಟಿ ಓದುವ ದರ್ದು ಯಾವತ್ತೂ ಬರಲಿಲ್ಲ.

ಲೊರೇನ್ ಶುಭ್ರ ಕಡೆ. ವಯಸ್ಸು ಮೂವತ್ತೊಂದು. ಇಸ್ತ್ರಿಯಾದ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಾಳೆ. ಸಂಜೆ ನರ್ಸಿಂಗ್ ತರಗತಿಗೆ ಹೋಗುತ್ತಾಳೆ, ಭಾನುವಾರ ಚರ್ಚಿನ ಮೇಳದಲ್ಲಿ ಹಾಡುತ್ತಾಳೆ. ಅವಳ ಕೈಗಳಿಗೆ ಸಾಬೂನಿನ ವಾಸನೆ. ವರ್ನೀಟಾಳ ಕೈಗಳಿಗೆ ಯಾವ ವಾಸನೆಯೆಂದು ವರ್ನೀಟಾಳಿಗೇ ಗೊತ್ತಾಗುವುದು ನಿಂತುಹೋಗಿತ್ತು.

ಸೇತುವೆಗೆ ಹೋಗಿದ್ದು ಆರ್ವೆಲ್ ಟಿಬ್ಸ್‌ಗಾಗಿ. ಅವನು ಒಂಬತ್ತನೇ ನಂಬರ್ ಬಸ್ಸಿನ ಡ್ರೈವರ್. ಬೆಳಗಿನ ಐದರ ಬಸ್ಸಿಗೆ ಕಾರ್ಖಾನೆಯ ಹೆಂಗಸರು ಓಡಿ ಬರುವುದು ಕಂಡರೆ ಬಾಗಿಲು ತೆರೆದೇ ಇಟ್ಟು ಕಾಯುತ್ತಿದ್ದವನು. ಅವನ ಕಾರಿನ ಹಿಂದಿನ ದೀಪ ಕೆಟ್ಟಿತ್ತೆಂದು ಪೊಲೀಸರು ತಡೆದರು. ಪೊಲೀಸ್ ವ್ಯಾನಿನೊಳಗೆ ಹೋದವನು ಹೆಣವಾಗಿ ಹೊರಬಂದ. ಮುಂದಿನ ಭಾನುವಾರ ಮಧ್ಯಾಹ್ನ ಊರಿನ ಕರಿಯರು, ಜೊತೆಗೆ ಒಂದಷ್ಟು ಬಿಳಿಯರು, ಸೇತುವೆಯ ಮೇಲೆ ನಡೆದರು. ವರ್ನೀಟಾ ಅಂಥದ್ದಕ್ಕೆಲ್ಲ ಹೋಗುವವಳಲ್ಲ. ಅವತ್ತು ಹೋದಳು.

ನಾಲ್ಕರ ಹೊತ್ತಿಗೆ ಜನ ನಿಂತರು. ಮುಂದೆ ಪೊಲೀಸರ ಸಾಲು, ಸಾಲಿನ ಹಿಂದೆ ಜೀಪಿನ ಮೇಲೆ ಅಧಿಕಾರಿ. ವರ್ನೀಟಾ ಕಂಬಿಗೆ ಒರಗಿ ಅವನತ್ತ ಮುಖ ಮಾಡಿ ನಿಂತಿದ್ದಳು. ಲೊರೇನ್ ಅವನಿಗೆ ಬೆನ್ನು ಹಾಕಿ ಜನರಿಗೆ ಹಾಡು ಹೇಳಿಕೊಡುತ್ತಿದ್ದಳು. ಅಧಿಕಾರಿಯ ಒಂದು ಕೈಯಲ್ಲಿ ಧ್ವನಿವರ್ಧಕ, ಇನ್ನೊಂದರಲ್ಲಿ ಕಾಗದ. ಅವನು ಪಕ್ಕದವನತ್ತ ಬಾಗಿ ಒಂದು ಮಾತು ಹೇಳಿದ. ವರ್ನೀಟಾ ಆ ಮಾತನ್ನು ನೋಡಿದಳು.

"ಮೊದ್ಲು ಆ ತುದಿ ಮುಚ್ಲಿ. ಆಮೇಲೆ ಓದ್ತೀನಿ."

ಅವಳು ತಿರುಗಿ ನೋಡಿದಾಗ ಹಿಂದಿನ ತುದಿಯಲ್ಲಿ ಗುರಾಣಿಗಳ ಗೋಡೆ ಎದ್ದಿತ್ತು. ಆಮೇಲೆ ಅವನು ಓದಿದ. ಚದುರಿ ಹೋಗಿ ಅಂದ. ಚದುರಲು ದಾರಿಯೇ ಇರಲಿಲ್ಲ.

ಪ್ಲಾಸ್ಟಿಕ್ ಪಟ್ಟಿಯಿಂದ ಕೈಗಳನ್ನು ಬೆನ್ನ ಹಿಂದೆ ಬಿಗಿದರು. ಬಸ್ಸುಗಳನ್ನು ನಿಲ್ಲಿಸುವ ಶೆಡ್ಡಿನ ಸಿಮೆಂಟು ನೆಲದ ಮೇಲೆ ಸಾಲಾಗಿ ಕೂರಿಸಿದರು. ನಿನಗೆ ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕೇಳುವ ಹಕ್ಕಿದೆ ಎಂದು ಯಾರೂ ಹೇಳಲಿಲ್ಲ. ಐದು ಗಂಟೆ. ವರ್ನೀಟಾಳ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದವು. ಮೂತ್ರಕ್ಕೆ ಹೋಗಬೇಕು ಎಂದು ನಾಲ್ಕು ಸಲ ಕೇಳಿದಳು. ಐವತ್ನಾಲ್ಕು ವರ್ಷದ ಹೆಂಗಸು, ಮಗನ ವಯಸ್ಸಿನ ಪೊಲೀಸನನ್ನು ಅಯ್ಯಾ ಎಂದು ಕರೆದು ಕೇಳಿದಳು. ಐದನೇ ಸಲ ಕೇಳುವ ಅಗತ್ಯ ಉಳಿಯಲಿಲ್ಲ. ಬೆಚ್ಚಗೆ ತೊಡೆಯ ಕೆಳಗೆ ಹರಡಿತು, ಆಮೇಲೆ ತಣ್ಣಗಾಯಿತು. ಜೀವಮಾನವಿಡೀ ಬೇರೆಯವರದನ್ನು ಎತ್ತಿದವಳು ತನ್ನದರ ಮೇಲೆ ಕೂತಿದ್ದಳು. ಪಕ್ಕದಲ್ಲಿದ್ದದ್ದು ಲೊರೇನ್. ಅವಳು ಮುಖ ಆಚೆ ತಿರುಗಿಸಿದಳು. ಅದು ಮರ್ಯಾದೆಯಿಂದಲೋ ಹೇಸಿಗೆಯಿಂದಲೋ ಎಂದು ವರ್ನೀಟಾ ಎರಡು ವರ್ಷ ಯೋಚಿಸಿದಳು.

ಹಿಡಿದವರ ಮೇಲೆ ಪೊಲೀಸರು ಹಾಕಿದ ಮೊಕದ್ದಮೆಗಳೆಲ್ಲ ಬಿದ್ದುಹೋದವು. ಆಗ ನೋರಾ ಕೆಸ್ಲರ್ ಎಂಬ ವಕೀಲೆ ಬಂದಳು. ಎಲ್ಲರೂ ಸೇರಿ ನಗರದ ಮೇಲೆ ದಾವೆ ಹೂಡೋಣ, ಮುಂದೆ ನಿಲ್ಲಲು ಒಂದು ಹೆಸರು ಬೇಕು ಎಂದಳು. ವರ್ನೀಟಾ ಕೈ ಎತ್ತಿದಳು. ನೋರಾ ಅವಳ ಹಳೆಯ ಕಡತ ತೆಗೆಸಿ ನೋಡಿ, ಮೆತ್ತಗೆ ಬೇಡವೆಂದಳು. ಹತ್ತೊಂಬತ್ತು ವರ್ಷದ ಹಿಂದೆ ಎರಡು ಕಂಬಳಿ ಕದ್ದ ತಪ್ಪೊಪ್ಪಿಗೆಯಿತ್ತು. ಎದುರಿನವರು ಅದನ್ನೇ ಹಿಡಿದು ಬಡಿಯುತ್ತಾರೆ ಅಂದಳು. ಲೊರೇನಳ ಕಡತ ಇಸ್ತ್ರಿ ಹಾಕಿದ ಹಾಸಿಗೆ ಬಟ್ಟೆಯ ಹಾಗಿತ್ತು. ಅಲ್ಲೂ ಶುಭ್ರ ಕಡೆಯೇ ಗೆದ್ದಿತು.

ಆಮೇಲೆ ಟಿವಿ. ಲೊರೇನ್ ನೀಲಿ ಅಂಗಿ ತೊಟ್ಟು ಕೂತು ಹೇಳಿದಳು: ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ಕೂತಲ್ಲೇ ಒದ್ದೆ ಮಾಡಿಕೊಂಡಳು, ಅದನ್ನು ನಾನು ಮರೆಯಲಾರೆ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮರುದಿನ ಕಾರ್ಖಾನೆಯಲ್ಲಿ ಎಲ್ಲರೂ ವರ್ನೀಟಾಳ ಜೊತೆ ಮೆತ್ತಗೆ ಮಾತಾಡಿದರು. ಕೊಳೆ ಕಡೆಯ ಪರ್ಲೀ ಒಬ್ಬಳು ಮಾತ್ರ ಎದುರಿಗೇ ಕೇಳಿದಳು.

"ಟಿವೀಲಿ ಬಂದ್ಯಂತಲ್ಲೇ."

"ನಾನೆಲ್ಲಿ ಬಂದೆ? ನನ್ನ ಉಚ್ಚೆ ಬಂತು. ಮುಖ ಅವಳದು ಬಂತು."

ಪರ್ಲೀ ನಕ್ಕಳು. ವರ್ನೀಟಾ ನಗಲಿಲ್ಲ. ಲೊರೇನಳನ್ನು ಮೇಯರ್ ಕರೆಸಿಕೊಂಡರು, ಕಾಲೇಜಿನವರು ಭಾಷಣಕ್ಕೆ ಕರೆದರು. ಅವಳ ಚಿತ್ರವಿದ್ದ ಪತ್ರಿಕೆ ಊಟದ ಮನೆಯ ಗೋಡೆ ಸೇರಿತು. ವರ್ನೀಟಾ ದಿನವೂ ಅದರ ಕೆಳಗೆ ಕೂತು ಮುಸುಕಿನ ಜೋಳದ ರೊಟ್ಟಿ ಮುರಿದಳು. ತಾನು ಸೇತುವೆಯಲ್ಲಿ ನೋಡಿದ ಆ ಒಂದು ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ದಾವೆ ಗೆಲ್ಲುತ್ತದೆ. ದಾವೆ ಗೆದ್ದರೆ ಗೆಲ್ಲುವುದು ಲೊರೇನ್. ಸುಮ್ಮನಿರುವ ಹಕ್ಕನ್ನು ಪೊಲೀಸರು ಕೊಡಲಿಲ್ಲ. ಅವಳೇ ತೆಗೆದುಕೊಂಡು ಎರಡು ವರ್ಷ ಚಲಾಯಿಸಿದಳು.

ಆ ಎರಡು ವರ್ಷದಲ್ಲಿ ದಾವೆ ಸೊರಗಿತು. ನಗರದವರ ವಾದ ಇಷ್ಟೇ: ಚದುರಿ ಹೋಗುವ ಆದೇಶವನ್ನು ಮೊದಲು ಓದಿದೆವು, ಸೇತುವೆಯನ್ನು ಆಮೇಲೆ ಮುಚ್ಚಿದೆವು, ಕೇಳಿಸಿಯೂ ನಿಂತವರನ್ನು ಹಿಡಿದೆವು. ಅಧಿಕಾರಿ ಹಾಗೆಂದು ಬರೆದುಕೊಟ್ಟಿದ್ದ. ಅಲ್ಲ ಎನ್ನುವುದಕ್ಕೆ ಜನರ ಬಾಯಿಮಾತು ಬಿಟ್ಟರೆ ನೋರಾಳ ಕೈಯಲ್ಲಿ ಏನೂ ಇರಲಿಲ್ಲ. ಲೊರೇನ್ ಆದೇಶ ಕೇಳಿಸಿಕೊಂಡೂ ಬೇಕೆಂದೇ ನಿಂತಳು ಎಂದು ಒಬ್ಬರು ಹೇಳಿದರೂ ಸಾಕಿತ್ತು, ಮುಂದೆ ನಿಂತ ಹೆಸರೇ ಬೀಳುತ್ತಿತ್ತು. ಅದರ ಮೇಲೆ ಉಳಿದವರೂ ಬೀಳುತ್ತಿದ್ದರು.

ಆ ಒಬ್ಬರನ್ನು ಹುಡುಕಲು ನಗರದ ವಕೀಲ ಹೋಲ್ಕಂಬ್ 'ಇತರರ' ಪೈಕಿ ಕೆಲವರ ಹೇಳಿಕೆಯನ್ನು ತನ್ನ ಕಚೇರಿಯಲ್ಲೇ ಪ್ರಮಾಣದ ಮೇಲೆ ಪಡೆಯಲು ನ್ಯಾಯಾಧೀಶರ ಅನುಮತಿ ತೆಗೆದುಕೊಂಡ. ಮೊದಲ ನೋಟಿಸು ಬಂದದ್ದು ವರ್ನೀಟಾಳಿಗೆ.

ಹಿಂದಿನ ದಿನ ನೋರಾ ಅವಳಿಗೆ ಪಾಠ ಹೇಳಿದಳು. ಕೇಳಿದ್ದಕ್ಕಷ್ಟೇ ಉತ್ತರ. ಊಹೆ ಬೇಡ. ನಾನು ಆಕ್ಷೇಪಣೆ ಅಂದರೆ ನಿಲ್ಲಿಸಿ, ಆಮೇಲೆ ಉತ್ತರಿಸಿ. ವಿರಾಮ ಕೇಳುವ ಹಕ್ಕಿದೆ, ಆದರೆ ಪ್ರಶ್ನೆಗೆ ಉತ್ತರ ಬಾಕಿಯಿರುವಾಗ ಎದ್ದು ಹೋಗುವಂತಿಲ್ಲ. ಎಲ್ಲ ಮುಗಿದ ಮೇಲೆ ಅಚ್ಚಾದ ಹೇಳಿಕೆಯನ್ನು ಓದಿ, ತಪ್ಪಿದ್ದರೆ ತಿದ್ದಲು ಮೂವತ್ತು ದಿನ. ವರ್ನೀಟಾ ತಲೆಯಾಡಿಸಿದಳು. ಕೊನೆಗೆ ನೋರಾ, ನನಗೆ ಗೊತ್ತಿಲ್ಲದ್ದು ಏನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಅಂದಳು ವರ್ನೀಟಾ. ಹೇಳಬಹುದಿತ್ತು. ಮೇಜಿನ ಮೇಲಿದ್ದ ಕಡತದ ಬೆನ್ನ ಮೇಲೆ 'ಮೇಯೊ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಹೋಲ್ಕಂಬನ ಕಚೇರಿ ಹದಿನಾಲ್ಕನೇ ಮಹಡಿಯಲ್ಲಿ. ಉದ್ದ ಮೇಜಿನ ಕೋಣೆ, ಹೊರಗಿನ ಕಾರಿಡಾರಿನ ಕಡೆಗೆ ಪೂರ್ತಿ ಗಾಜಿನ ಗೋಡೆ. ವರ್ನೀಟಾ ಗಾಜಿಗೆ ಮುಖ ಮಾಡಿದ ಕುರ್ಚಿ ಆರಿಸಿಕೊಂಡಳು. ಅಭ್ಯಾಸ ಅಷ್ಟೇ. ಮಾತನ್ನೆಲ್ಲ ಬೆರಳಚ್ಚು ಮಾಡುವ ಹೆಂಗಸು ಅವಳಿಂದ ಪ್ರಮಾಣ ಮಾಡಿಸಿದಳು. ಹೋಲ್ಕಂಬ್ ನಗುಮುಖದವನು. ಬೆಳ್ಳಿ ಕೂದಲು. ನೀರು ಬೇಕೇ ಎಂದು ಕೇಳಿ ತಾನೇ ಬಗ್ಗಿಸಿಕೊಟ್ಟ. ಆಮೇಲೆ ಶುರು ಮಾಡಿದ.

ಲೊರೇನ್ ಮೇಯೊ ಮೇಲೆ ನಿಮಗೆ ಏನಾದರೂ ಅಸಮಾಧಾನ ಇದೆಯೇ? ಇಲ್ಲ. ಏನೂ ಇಲ್ಲವೇ? ಇಲ್ಲ. ಅವನು ಏನನ್ನೋ ಗುರುತು ಹಾಕಿಕೊಂಡ.

ಆಮೇಲೆ ಕಂಬಳಿ.

"ಕದ್ದಿದ್ದು ನಿಜ ತಾನೆ?"

"ನಿಜ."

"ಯಾರ ಕಂಬಳಿ, ಮಿಸ್ ಗ್ರಿಗ್ಸ್?"

"ಆಸ್ಪತ್ರೇದು. ಕಲೆ ಹೋಗ್ಲಿಲ್ಲ ಅಂತ ಸುಡೋಕೆ ಹಾಕಿದ್ರು. ಚಳಿಗಾಲ, ನಮ್ಮನೇಲಿ ಹೀಟರ್ ನಿಂತಿತ್ತು. ಎರಡು ಮಕ್ಕಳು."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ."

"ಆಸ್ಪತ್ರೇದು," ಎಂದಳು ವರ್ನೀಟಾ.

ಕೊನೆಗೆ ಶೆಡ್ಡಿಗೆ ಬಂದ. ಟಿವಿಯಲ್ಲಿ ಮಿಸ್ ಮೇಯೊ ಹೇಳಿದ ಆ ಹೆಂಗಸು ನೀವೇ ಏನು ಎಂದ. ನೋರಾ ಆಕ್ಷೇಪಣೆ ಅಂದಳು. ಆದರೂ ಉತ್ತರಿಸಬೇಕು, ಅದು ಕ್ರಮ. ವರ್ನೀಟಾ ತಲೆಯಾಡಿಸಿದಳು. ಬೆರಳಚ್ಚಿನ ಹೆಂಗಸು ಕೈ ನಿಲ್ಲಿಸಿ, ತಲೆ ಆಡಿಸಿದರೆ ದಾಖಲಾಗುವುದಿಲ್ಲ, ಬಾಯಲ್ಲಿ ಹೇಳಬೇಕಮ್ಮ ಅಂದಳು. ಅವಳದೇನೂ ತಪ್ಪಿಲ್ಲ. ಅವಳ ಕೆಲಸ.

"ನಾನೇ," ಎಂದಳು ವರ್ನೀಟಾ.

"ನಿಮ್ಮನ್ನ ಕೇಳಿ ಹೇಳಿದ್ರಾ ಅವ್ರು?"

"ಇಲ್ಲ."

"ನಿಮ್ಮ ನೋವು. ಹೆಸರು ಮಾತ್ರ ಅವ್ರದು. ಕಷ್ಟ ಆಗಿರ್ಬೇಕು."

ಎರಡು ವರ್ಷದಲ್ಲಿ ಅವಳಿಗೆ ಆ ಮಾತನ್ನು ಹೇಳಿದವನು ಅವನೊಬ್ಬನೇ. ವರ್ನೀಟಾ ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟಳು. ಅದನ್ನು ಕಂಡು ಹೋಲ್ಕಂಬ್ ಹತ್ತು ನಿಮಿಷ ವಿರಾಮ ಎಂದ. ನೋರಾ ಫೋನು ಹಿಡಿದು ಬಾಗಿಲ ಬಳಿ ಹೋದಳು. ವರ್ನೀಟಾ ಕೂತೇ ಇದ್ದಳು. ಮುಂದಿನ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಒಂದೇ ಮಾತಿನ ಉತ್ತರ ಸಾಕು. ಹೌದು, ಅವಳಿಗೆ ಕೇಳಿಸಿತ್ತು. ಅಷ್ಟೇ. ಸುಳ್ಳೆಂದು ತೋರಿಸಲು ಯಾರಿಗೂ ಆಗುವುದಿಲ್ಲ. ನಾಳೆ ಪತ್ರಿಕೆಯಲ್ಲಿ ಲೊರೇನಳ ಚಿತ್ರ ಬೇರೆ ಸುದ್ದಿಯ ಜೊತೆ ಬರುತ್ತದೆ. ಆ ಮಾತು ಅವಳ ನಾಲಿಗೆಯ ಮೇಲೆ ಆಗಲೇ ಸಿಹಿಯಾಗಿತ್ತು.

ಗಾಜಿನಾಚೆ ಹೋಲ್ಕಂಬ್ ತನ್ನ ಸಹಾಯಕ ವಕೀಲೆಯ ಜೊತೆ ಕಾಫಿ ಹಿಡಿದು ನಿಂತಿದ್ದ. ಬಾಗಿಲು ಮುಚ್ಚಿದೆ, ಗಾಜು ದಪ್ಪ ಇದೆ ಎಂಬ ಧೈರ್ಯ. ವರ್ನೀಟಾ ಬೇಕೆಂದು ನೋಡಲಿಲ್ಲ. ಇಪ್ಪತ್ತೆರಡು ವರ್ಷ ಗಾಜಿನಾಚೆ ನೋಡಿದ ಕಣ್ಣು.

"ಅವಳನ್ನ ಕಂಡ್ರೆ ಇವಳು ಉರಿದು ಸಾಯ್ತಾಳೆ. ನೋಡ್ತಿರು. ಆ ಒದ್ದೆ ಚಡ್ಡಿ ಇನ್ನೊಂದ್ಸಲ ನೆನಪು ಮಾಡ್ತೀನಿ. ಈ ಹೊಲಸು ಬಟ್ಟೆಯವಳ ಕೈಲೇ ಕೇಸ್ ಮುಗಿಸ್ತೀನಿ."

ಸಹಾಯಕಿ ನಗಲಿಲ್ಲ, ಕಾಫಿ ಕುಡಿದಳು.

ವರ್ನೀಟಾ ತನ್ನ ಕೈ ನೋಡಿಕೊಂಡಳು. ಲೊರೇನ್ ಮೇಲೆ ಇದ್ದಕ್ಕಿದ್ದಂತೆ ಪ್ರೀತಿಯೇನೂ ಉಕ್ಕಲಿಲ್ಲ. ಹೊಟ್ಟೆ ಉರಿ ಇದ್ದಷ್ಟೇ ಇತ್ತು. ಆದರೆ ಅದು ಅವಳದು. ಎರಡು ವರ್ಷ ಊಟದ ಮನೆಯ ಗೋಡೆಯ ಕೆಳಗೆ ಕೂತು ಸಾಕಿದ್ದು. ಅವಳ ಬೆನ್ನು, ಅವಳ ಕಿವಿ, ಅವಳ ಉಚ್ಚೆ, ಎಲ್ಲವನ್ನೂ ಯಾರ್‍ಯಾರೋ ಬಳಸಿಕೊಂಡಿದ್ದರು. ಈಗ ಈ ಬೆಳ್ಳಿ ಕೂದಲಿನವನು ಉಳಿದ ಒಂದಕ್ಕೂ ಕೈ ಹಾಕಿದ್ದ. ಅವಳ ಉರಿಗೆ ನೊಗ ಕಟ್ಟಿ ತನ್ನ ಬಂಡಿ ಎಳೆಸಲು ಹೊರಟಿದ್ದ.

ಎಲ್ಲರೂ ಮತ್ತೆ ಕೂತರು. ಹೋಲ್ಕಂಬ್ ಆ ಶೆಡ್ಡನ್ನು ಇನ್ನೊಮ್ಮೆ ನೆನಪಿಸಿದ. ನೆಲ ಎಷ್ಟು ತಣ್ಣಗಿತ್ತೆಂದು ವರ್ಣಿಸಿದ. ಆಮೇಲೆ ಮುಂದೆ ಬಾಗಿದ.

"ಆದೇಶ ಓದಿದ್ದು ಮಿಸ್ ಮೇಯೊಗೆ ಕೇಳಿಸಿತ್ತು. ಅಲ್ವಾ?"

"ಸೇತುವೆ ಮುಚ್ಚಿದ ಮೇಲೆ ಓದಿದ್ದು ಎಲ್ರಿಗೂ ಕೇಳಿಸ್ತು. ಅದಕ್ಕೆ ಮುಂಚೆ ಯಾರೂ ಏನೂ ಓದ್ಲಿಲ್ಲ."

"ನಿಮಗೆ ಒಂದು ಕಿವಿ ಕೇಳಲ್ಲ ಅಂತ ನೀವೇ ಹೇಳಿದ್ದೀರಿ."

"ಕೇಳ್ಲಿಲ್ಲ. ನೋಡ್ದೆ."

ಅವಳು ಹೇಳಿದಳು. ಜೀಪು, ಕಾಗದ, ಮೂವತ್ತಡಿ ದೂರ, ಬಿಸಿಲು ಅವನ ಮುಖದ ಮೇಲೆ. ಮೊದ್ಲು ಆ ತುದಿ ಮುಚ್ಲಿ, ಆಮೇಲೆ ಓದ್ತೀನಿ. ಪಕ್ಕದಲ್ಲಿ ನೋರಾಳ ಪೆನ್ನು ನಿಂತುಹೋಯಿತು. ಹೋಲ್ಕಂಬ್ ಕುರ್ಚಿಗೆ ಒರಗಿ ನಕ್ಕ.

"ಅಂದ್ರೆ ತುಟಿ ಓದ್ತೀನಿ ಅಂತೀರಿ. ಅದನ್ನ ನಾವು ನಂಬ್ಬೇಕು."

"ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಈಗ ಹತ್ತು ನಿಮಿಷದ ಹಿಂದೆ ಆ ಗಾಜಿನಾಚೆ ನೀವು ಅಂದ್ರಿ, ಅವಳನ್ನ ಕಂಡ್ರೆ ಇವಳು ಉರಿದು ಸಾಯ್ತಾಳೆ ಅಂತ. ಆ ಒದ್ದೆ ಚಡ್ಡಿ ಇನ್ನೊಂದ್ಸಲ ನೆನಪು ಮಾಡ್ತೀನಿ ಅಂದ್ರಿ. ಮಾಡಿದ್ರಿ. ಈ ಹೊಲಸು ಬಟ್ಟೆಯವಳ ಕೈಲೇ ಕೇಸ್ ಮುಗಿಸ್ತೀನಿ ಅಂದ್ರಿ. ಈ ಯಮ್ಮ ನಗ್ಲಿಲ್ಲ. ತಪ್ಪಿದ್ರೆ ಇವ್ರನ್ನೇ ಕೇಳಿ."

ಸಹಾಯಕಿ ಮೇಜು ನೋಡಿದಳು. ಹೋಲ್ಕಂಬನ ಕುತ್ತಿಗೆ ಕೆಂಪಾಯಿತು. ಇದು ದಾಖಲೆಗೆ ಬೇಡ, ನಿಲ್ಲಿಸಿ ಎಂದು ಬೆರಳಚ್ಚಿನವಳತ್ತ ಕೈ ಮಾಡಿದ. ನಿಲ್ಲಿಸಲು ಎರಡೂ ಕಡೆಯವರು ಒಪ್ಪಬೇಕು. ನಾನು ಒಪ್ಪುವುದಿಲ್ಲ ಎಂದಳು ನೋರಾ. ಬೆರಳುಗಳು ಓಡುತ್ತಲೇ ಇದ್ದವು. ವರ್ನೀಟಾ ಆ ಬೆರಳುಗಳನ್ನು ನೋಡಿದಳು. ಅವಳ ಬಾಯಿಂದ ಬಿದ್ದದ್ದೆಲ್ಲ, ಒಂದೂ ಬಿಡದೆ, ಕಾಗದಕ್ಕೆ ಹೋಗುತ್ತಿತ್ತು.

ಹೋಲ್ಕಂಬ್ ಕೊನೆಯದಾಗಿ ಒಂದು ಕೇಳಿದ. ಇಷ್ಟು ದೊಡ್ಡ ಮಾತನ್ನು ಎರಡು ವರ್ಷ ಯಾಕೆ ಬಚ್ಚಿಟ್ಟಿರಿ?

"ಕೊಳೆ ಕಡೆಯವಳನ್ನ ಯಾರು ಕೇಳ್ತಾರೆ," ಎಂದಳು. ಅದು ಅರ್ಧ ನಿಜ. ಉಳಿದರ್ಧ ಅವಳ ಹೊಟ್ಟೆಯಲ್ಲೇ ಉಳಿಯಿತು.

ಒಂದು ವಾರದಲ್ಲಿ ನೋರಾ ಟಿವಿಯವರ ಹಳೆಯ ದೃಶ್ಯವೊಂದನ್ನು ಹುಡುಕಿ ತೆಗೆದಳು. ಎತ್ತರದಿಂದ ಹಿಡಿದದ್ದು, ಸದ್ದಿಲ್ಲದ್ದು. ಸದ್ದಿಲ್ಲವೆಂದೇ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರಲ್ಲಿ ಅಧಿಕಾರಿ ಬಾಗುತ್ತಾನೆ. ತುಟಿ ಆಡುತ್ತದೆ. ಧ್ವನಿವರ್ಧಕ ಇನ್ನೂ ತೊಡೆಯ ಮೇಲಿದೆ. ಕಿವುಡರ ಶಾಲೆಯಿಂದ ಕರೆಸಿದ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಅದೇ ಮಾತನ್ನು ಬರೆದುಕೊಟ್ಟರು.

ಕಾರ್ಖಾನೆಗೆ ಸುದ್ದಿ ಬಂತು. ಅವತ್ತು ಲೊರೇನ್ ಗಾಜಿನ ಹತ್ತಿರ ಬಂದು ನಿಂತಳು. ಮೂಟೆ ಬಿಚ್ಚುತ್ತಿದ್ದ ವರ್ನೀಟಾಳನ್ನು ಕೈ ಬೀಸಿ ಕರೆದಳು. ಬಾಯಿ ಅಗಲವಾಗಿ ತೆರೆದು, ನಿಧಾನವಾಗಿ, ತುಟಿಯಿಂದ ಹೇಳಿದಳು: ನಿನ್ನ ವಿಷಯ ನಾನು ಹೇಳಬಾರದಿತ್ತು, ತಪ್ಪಾಯ್ತು. ವರ್ನೀಟಾಳಿಗೆ ಮೊದಲ ಸಲಕ್ಕೇ ಅರ್ಥವಾಯಿತು. ಅವಳು ಕಿವಿಯ ಹಿಂದೆ ಕೈ ಇಟ್ಟು, ಏನು ಎಂದು ತಲೆ ಕುಣಿಸಿದಳು. ಲೊರೇನ್ ಮತ್ತೆ ಹೇಳಿದಳು. ಏನು? ಮೂರನೇ ಸಲವೂ ಹೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ವರ್ನೀಟಾ ಆಗಲಿ ಎಂಬಂತೆ ಕೈಗವಸು ಎತ್ತಿ ಕೆಲಸಕ್ಕೆ ತಿರುಗಿದಳು.

"ಗೊತ್ತಾಗ್ಲಿಲ್ವೇನೇ ನಿಂಗೆ?" ಪರ್ಲೀ ಕೇಳಿದಳು. "ನಂಗೇ ಗೊತ್ತಾಯ್ತು."

"ಒಂದ್ಸಲ ಹೇಳಿದ್ರೆ ಸಾಲ್ತಿರ್ಲಿಲ್ಲ," ಎಂದಳು ವರ್ನೀಟಾ.

ಇಪ್ಪತ್ತನೇ ದಿನಕ್ಕೆ ಅಚ್ಚಾದ ಹೇಳಿಕೆ ಬಂತು. ತೊಂಬತ್ತೇಳು ಪುಟ. ಎಲ್ಲ ಪುಟದ ತಲೆಯ ಮೇಲೂ 'ಮೇಯೊ ಮತ್ತು ಇತರರು'. ಅದರ ಕೆಳಗೆ, ಪ್ರತಿ ಪುಟದಲ್ಲೂ, ಸಾಕ್ಷಿ: ವಿ. ಗ್ರಿಗ್ಸ್. ನೋರಾಳ ಕಚೇರಿಯಲ್ಲಿ ಕೂತು ಅವಳು ಬೆರಳಿಟ್ಟು ಓದಿದಳು. ತಿದ್ದುಪಡಿಯ ಹಾಳೆಯಲ್ಲಿ ನಾಲ್ಕು ಕಾಲಮ್ಮು. ಪುಟ, ಸಾಲು, ತಿದ್ದುಪಡಿ, ಕಾರಣ. ಹೆಚ್ಚಿನವರು ಕಾಗುಣಿತ ತಿದ್ದಿ ಸಹಿ ಮಾಡಿ ಹೋಗುತ್ತಾರೆ ಎಂದಳು ನೋರಾ.

ವರ್ನೀಟಾ ಹನ್ನೆರಡನೇ ಪುಟಕ್ಕೆ ಹಿಂತಿರುಗಿದಳು. ಒಂಬತ್ತನೇ ಸಾಲು. ಲೊರೇನ್ ಮೇಯೊ ಮೇಲೆ ನಿಮಗೆ ಏನಾದರೂ ಅಸಮಾಧಾನ ಇದೆಯೇ? ಇಲ್ಲ.

ಅವಳು ಪೆನ್ನು ಕೇಳಿದಳು. ಬರೆಯುವುದನ್ನು ನೋಡಿ ನೋರಾ ಹಾಳೆಯ ಮೇಲೆ ಕೈ ಇಟ್ಟಳು. ಇದನ್ನು ಬರೆದರೆ ಹೋಲ್ಕಂಬ್ ಬಿಡುವುದಿಲ್ಲ, ಯೋಚನೆ ಮಾಡಿ ಎಂದಳು.

"ಬಿಡ್ದೇ ಇರ್ಲಿ. ಸ್ನೇಹಿತೆ ಹೇಳಿದ್ರೆ, ಸ್ನೇಹಕ್ಕೆ ಹೇಳಿದ್ಳು ಅಂತಾನೆ. ಅವಳನ್ನ ಕಂಡ್ರಾಗದವಳು ಹೇಳಿದ್ರೆ ಏನಂತಾನೆ?"

ನೋರಾ ಕೈ ತೆಗೆದಳು.

ಪುಟ ಹನ್ನೆರಡು, ಸಾಲು ಒಂಬತ್ತು. ತಿದ್ದುಪಡಿ: ಇದೆ. ಈಗಲೂ ಇದೆ. ಕಾರಣ: ನಿಜ ಹೇಳುತ್ತೇನೆಂದು ಪ್ರಮಾಣ ಮಾಡಿದ್ದೆ.

ಕೆಳಗೆ ಸಹಿಗೆ ಒಂದು ಗೆರೆ ಎಳೆದಿದ್ದರು. ವರ್ನೀಟಾ ಸಹಿ ಮಾಡಲಿಲ್ಲ, ಹೆಸರು ಬರೆದಳು. ಪೂರ್ತಿ ಹೆಸರು, ದೊಡ್ಡಕ್ಷರದಲ್ಲಿ, ಒತ್ತಿ ಒತ್ತಿ. ಗೆರೆ ಮುಗಿದ ಮೇಲೂ ಹೆಸರು ಇನ್ನೂ ಉಳಿದಿತ್ತು. ಅವಳು ನಿಲ್ಲಿಸಲಿಲ್ಲ, ಹಾಳೆಯ ಅಂಚಿನವರೆಗೂ ಬರೆದಳು.